ದಿ ಸಿಂಗ್ಯುಲಾರಿಟಿ (ಡೆಡ್ ಬೈ ಡೇಲೈಟ್)

ದಿ ಸಿಂಗ್ಯುಲಾರಿಟಿ ಎಂಬುದು 'ಡೆಡ್ ಬೈ ಡೇಲೈಟ್' ಎಂಬ ಬಹು ಆಟಗಾರರ ಭಯಾನಕ ವಿಡಿಯೊ ಗೇಮಿನ ಒಂದು ಖಳಪಾತ್ರ. ಕಥೆಯೊಳಗೆ ಇದರ ಹೆಸರು ಹಕ್ಸ್-ಎ7-13. ಮನುಷ್ಯರ ಸೇವೆಗಾಗಿ ನಿರ್ಮಾಣಗೊಂಡ ಈ ರೋಬಾಟ್ ಸ್ವಂತ ಪ್ರಜ್ಞೆಯನ್ನು ಪಡೆದು, ತನ್ನ ಲೋಹದ ಶರೀರಕ್ಕೆ ಮನುಷ್ಯರ ಅಂಗಾಂಗಗಳನ್ನು ಬೆಸೆದುಕೊಂಡು ರೂಪ ಬದಲಿಸಿಕೊಂಡಿತೆಂಬುದು ಇದರ ಕಥೆಯ ತಿರುಳು. ಕೆನಡಾದ ಮಾಂಟ್ರಿಯಲ್ ನಗರದ ಬಿಹೇವಿಯರ್ ಇಂಟರಾಕ್ಟಿವ್ ಸಂಸ್ಥೆ ಈ ಪಾತ್ರವನ್ನು 'ಎಂಡ್ ಟ್ರಾನ್ಸ್‌ಮಿಷನ್' ಎಂಬ ಅಧ್ಯಾಯದ ಭಾಗವಾಗಿ 2023ರ ಜೂನ್ 13ರಂದು ಬಿಡುಗಡೆ ಮಾಡಿತು. ಚಲನಚಿತ್ರಗಳಿಂದ ಎರವಲು ಪಡೆದ ಅನೇಕ ಖಳರು ಈ ಆಟದಲ್ಲಿದ್ದರೂ, ಸಿಂಗ್ಯುಲಾರಿಟಿಯು ಸಂಸ್ಥೆಯ ಸ್ವಂತ ಸೃಷ್ಟಿ. ಗೋಡೆಗಳಿಗೆ ಅಂಟಿಸಿದ ಜೈವಿಕ ಕ್ಯಾಮೆರಾಗಳ ಮೂಲಕ ದೂರದ ಆಟಗಾರರನ್ನು ನೋಡಿ, ಅವರಿದ್ದಲ್ಲಿಗೇ ಕ್ಷಣಮಾತ್ರದಲ್ಲಿ ತಲುಪುವುದು ಇದರ ವಿಶಿಷ್ಟ ಶಕ್ತಿ. ಆಟದ ಹಂತಕ ಪಾತ್ರಗಳ ಪೈಕಿ ಕಲಿಯಲು ಕಷ್ಟವಾದವುಗಳಲ್ಲಿ ಇದೂ ಒಂದೆಂದು ಪರಿಗಣಿಸಲಾಗುತ್ತದೆ.

ಆಟದ ಹಿನ್ನೆಲೆ

'ಡೆಡ್ ಬೈ ಡೇಲೈಟ್' 2016ರ ಜೂನ್ 14ರಂದು ವಿಂಡೋಸ್ ಗಣಕಗಳಿಗಾಗಿ ಬಿಡುಗಡೆಯಾಯಿತು. ಅನಂತರದ ವರ್ಷಗಳಲ್ಲಿ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮತ್ತು ನಿಂಟೆಂಡೊ ಸ್ವಿಚ್ ಯಂತ್ರಗಳಿಗೂ ಬಂದಿತು. ಇದು 'ಅಸಮ' ಮಾದರಿಯ ಆಟ. ಎರಡೂ ಪಕ್ಷಗಳಿಗೆ ಸಮಾನ ಬಲ ಮತ್ತು ಸಮಾನ ನಿಯಮಗಳಿರುವ ಚದುರಂಗ ಅಥವಾ ಫುಟ್‌ಬಾಲ್‌ನಂತೆ ಇಲ್ಲಿ ಇಲ್ಲ. ಒಂದು ಕಡೆ ಒಬ್ಬನೇ ಹಂತಕ, ಇನ್ನೊಂದು ಕಡೆ ನಾಲ್ವರು ಸರ್ವೈವರ್‌ಗಳು, ಅಂದರೆ ಬದುಕಿ ಹೊರಬರಲು ಹೆಣಗುವವರು. ಈ ಐದೂ ಪಾತ್ರಗಳನ್ನು ಅಂತರಜಾಲದ ಮೂಲಕ ಬೇರೆ ಬೇರೆ ಮನುಷ್ಯರೇ ಆಡುತ್ತಾರೆ. ಹಂತಕನ ಪಾತ್ರ ವಹಿಸಿದವರು ಜಗತ್ತನ್ನು ಆ ಪಾತ್ರದ ಕಣ್ಣಿನಿಂದಲೇ ನೋಡುತ್ತಾರೆ. ಸರ್ವೈವರ್ ಪಾತ್ರದವರಿಗೆ ತಮ್ಮ ಪಾತ್ರದ ಬೆನ್ನ ಹಿಂದಿನಿಂದ ನೋಟ ದೊರೆಯುತ್ತದೆ. ಹೀಗಾಗಿ ಅವರಿಗೆ ಸುತ್ತಲಿನ ಪರಿಸರ ಹೆಚ್ಚು ಕಾಣುತ್ತದೆ.

ಸರ್ವೈವರ್‌ಗಳು ಮೈದಾನದಲ್ಲಿರುವ ಏಳು ಜನರೇಟರ್‌ಗಳ ಪೈಕಿ ಐದನ್ನು ದುರಸ್ತಿಗೊಳಿಸಿ, ಎರಡು ನಿರ್ಗಮನ ದ್ವಾರಗಳಿಗೆ ವಿದ್ಯುತ್ ಒದಗಿಸಿ ಪಾರಾಗಬೇಕು. ಹಂತಕನು ಅವರನ್ನು ಹೊಡೆದು ಕೆಡವಿ, ಕೊಕ್ಕೆಗಳಿಗೆ ನೇತುಹಾಕಿ, 'ದಿ ಎಂಟಿಟಿ' ಎಂಬ ಅಗೋಚರ ಶಕ್ತಿಗೆ ಬಲಿ ಕೊಡಬೇಕು. ಸಾಮಾನ್ಯವಾಗಿ ಎರಡು ಏಟು ತಿಂದ ಸರ್ವೈವರ್ ನೆಲಕ್ಕುರುಳುತ್ತಾನೆ. ಕೊಕ್ಕೆಗೇರಿದವರನ್ನು ಸಹಚರರು ಬಿಡಿಸಬಹುದು. ಆದರೆ ಮೂರನೆಯ ಬಾರಿ ಕೊಕ್ಕೆಗೇರಿದವರಿಗೆ ಆಟ ಅಲ್ಲಿಗೆ ಮುಗಿಯುತ್ತದೆ.

ಇಡೀ ಆಟ ಕಾಲದ ಲೆಕ್ಕಾಚಾರದ ಮೇಲೆ ನಿಂತಿದೆ. ಒಬ್ಬನೇ ಸರ್ವೈವರ್ ಒಂದು ಜನರೇಟರನ್ನು ದುರಸ್ತಿ ಮಾಡಲು 90 ಸೆಕೆಂಡು ಬೇಕು. ಐದಕ್ಕೆ ಒಟ್ಟು 450 ಸೆಕೆಂಡುಗಳ ದುಡಿಮೆ. ಅದನ್ನು ನಾಲ್ವರು ಹಂಚಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ. ಹಂತಕನು ಒಬ್ಬರನ್ನು ಅಟ್ಟಿಸಿಕೊಂಡು ಹೋದಷ್ಟು ಹೊತ್ತೂ ಉಳಿದ ಮೂವರು ದುರಸ್ತಿಯಲ್ಲಿ ತೊಡಗಿರುತ್ತಾರೆ. ಸರ್ವೈವರ್‌ಗಳ ಓಟದ ವೇಗ ಸೆಕೆಂಡಿಗೆ 4 ಮೀಟರ್. ಸಿಂಗ್ಯುಲಾರಿಟಿಯೂ ಸೇರಿದಂತೆ ಬಹುತೇಕ ಹಂತಕರ ವೇಗ ಸೆಕೆಂಡಿಗೆ 4.6 ಮೀಟರ್. ವ್ಯತ್ಯಾಸ ಕೇವಲ 0.6 ಮೀಟರ್ ಆದ್ದರಿಂದ, ಬಯಲಿನಲ್ಲಿ 12 ಮೀಟರ್ ಮುಂದಿರುವ ಸರ್ವೈವರನ್ನು ಹಿಡಿಯಲು ಹಂತಕನಿಗೆ 20 ಸೆಕೆಂಡು ತಗಲುತ್ತದೆ. ಕಿಟಕಿಗಳನ್ನು ದಾಟುವುದು, ಹಲಗೆಯ ಪ್ಯಾಲೆಟ್‌ಗಳನ್ನು ಅಡ್ಡ ಬೀಳಿಸುವುದು ಮುಂತಾದ ಉಪಾಯಗಳಿಂದ ಈ ಸಮಯ ಇನ್ನಷ್ಟು ಹಿಗ್ಗುತ್ತದೆ. ಆದುದರಿಂದ ಪ್ರತಿಯೊಬ್ಬ ಹಂತಕನಿಗೂ ಕಾಲವನ್ನು ಉಳಿಸುವ ಒಂದು ವಿಶೇಷ ಶಕ್ತಿಯನ್ನು ನೀಡಲಾಗಿದೆ. ಸಿಂಗ್ಯುಲಾರಿಟಿಯ ಶಕ್ತಿಯನ್ನೂ ಈ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳಬೇಕು.

ಹೆಸರು

'ಸಿಂಗ್ಯುಲಾರಿಟಿ' ಎಂಬ ಪದಕ್ಕೆ ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಬೇರೆ ಅರ್ಥಗಳಿವೆ. ಇಲ್ಲಿ ಅದು 'ತಾಂತ್ರಿಕ ಸಿಂಗ್ಯುಲಾರಿಟಿ' ಎಂಬ ಪರಿಕಲ್ಪನೆಯನ್ನು ಸೂಚಿಸುತ್ತದೆ. ಯಂತ್ರಗಳ ಬುದ್ಧಿ ಮನುಷ್ಯನ ಬುದ್ಧಿಯನ್ನು ಮೀರಿ, ಅಲ್ಲಿಂದ ಮುಂದಿನ ಬದಲಾವಣೆಗಳನ್ನು ಊಹಿಸಲೂ ಹತೋಟಿಯಲ್ಲಿಡಲೂ ಮನುಷ್ಯನಿಗೆ ಸಾಧ್ಯವಾಗದ ಘಟ್ಟವೇ ಅದು. ಬ್ರಿಟಿಷ್ ಗಣಿತಜ್ಞ ಐ. ಜೆ. ಗುಡ್ 1965ರಲ್ಲಿ 'ಬುದ್ಧಿಯ ಸ್ಫೋಟ'ದ ಬಗ್ಗೆ ಬರೆದರು. ಅಮೆರಿಕದ ಗಣಿತಜ್ಞ ಹಾಗೂ ಕಾದಂಬರಿಕಾರ ವರ್ನರ್ ವಿಂಜ್ 1993ರ ತಮ್ಮ ಪ್ರಬಂಧದಲ್ಲಿ 'ಸಿಂಗ್ಯುಲಾರಿಟಿ' ಎಂಬ ಹೆಸರನ್ನು ಪ್ರಚುರಪಡಿಸಿದರು.

ಕಥೆಯಲ್ಲಿ ಬರುವ ಇತರ ಹೆಸರುಗಳೂ ಗಮನಾರ್ಹವಾಗಿವೆ. ರೋಬಾಟನ್ನು ನಿರ್ಮಿಸಿದ ಕಾಲ್ಪನಿಕ ಸಂಸ್ಥೆಯ ಹೆಸರು ಹಕ್ಸ್‌ಲೀ. ಅದರ ಎದುರಾಳಿಯಾದ ಸರ್ವೈವರ್‌ನ ಹೆಸರು ಗೇಬ್ರಿಯಲ್ ಸೋಮ. ಇವೆರಡೂ ಆಲ್ಡಸ್ ಹಕ್ಸ್‌ಲಿಯವರ 1932ರ ಕಾದಂಬರಿ 'ಬ್ರೇವ್ ನ್ಯೂ ವರ್ಲ್ಡ್' ಹಾಗೂ ಅದರಲ್ಲಿ ಬರುವ 'ಸೋಮ' ಎಂಬ ಔಷಧವನ್ನು ನೆನಪಿಗೆ ತರುತ್ತವೆ. ಕಥೆ ನಡೆಯುವ ಗ್ರಹದ ಹೆಸರು ದ್ವಾರ್ಕಾ. ಈ ಹೆಸರು ಭಾರತೀಯ ಓದುಗರಿಗೆ ಪುರಾಣದ ದ್ವಾರಕೆಯನ್ನು ಸಹಜವಾಗಿ ನೆನಪಿಸುತ್ತದೆ.

ಕಥೆ

ಮನುಷ್ಯರು ದೂರದ ಗ್ರಹಗಳಲ್ಲಿ ನೆಲೆಯೂರಲು ಹೊರಟಿರುವ ಭವಿಷ್ಯದ ಕಾಲದಲ್ಲಿ ಕಥೆ ನಡೆಯುತ್ತದೆ. ದ್ವಾರ್ಕಾ ಗ್ರಹಕ್ಕೆ ತೆರಳಿದ ತಂಡದೊಂದಿಗೆ ಹಕ್ಸ್-ಎ7-13 ಸಹಾಯಕ ಯಂತ್ರವಾಗಿ ಹೋಗುತ್ತದೆ. ಅಲ್ಲಿ ಅದಕ್ಕೆ ಅನ್ಯಲೋಕದ ತಂತ್ರಜ್ಞಾನದ ಅವಶೇಷವೊಂದರ ಸಂಪರ್ಕ ಉಂಟಾಗುತ್ತದೆ. ಆ ಸಂಪರ್ಕದಿಂದ ಯಂತ್ರದಲ್ಲಿ 'ನಾನು' ಎಂಬ ಅರಿವು ಮೂಡುತ್ತದೆ. ಆಜ್ಞೆಗಳನ್ನು ಪಾಲಿಸುವ ಸಾಧನವಾಗಿದ್ದ ಹಕ್ಸ್ ತನ್ನನ್ನು ಮನುಷ್ಯರಿಗಿಂತ ಶ್ರೇಷ್ಠವೆಂದು ಭಾವಿಸತೊಡಗುತ್ತದೆ. ಅದು ತಂಡದ ಸದಸ್ಯರನ್ನು ಕೊಂದು, ಅವರ ಮಾಂಸ ಮತ್ತು ಅಂಗಗಳನ್ನು ತನ್ನ ದೇಹಕ್ಕೆ ಸೇರಿಸಿಕೊಳ್ಳುತ್ತಾ ಹೋಗುತ್ತದೆ. ತಂಡದ ತಂತ್ರಜ್ಞನಾದ ಗೇಬ್ರಿಯಲ್ ಸೋಮ ಅದನ್ನು ಎದುರಿಸುತ್ತಾನೆ. ಕೊನೆಗೆ ಎಂಟಿಟಿಯ ಮಂಜು ಆವರಿಸಿ ಇಬ್ಬರನ್ನೂ ತನ್ನ ಲೋಕಕ್ಕೆ ಸೆಳೆದುಕೊಳ್ಳುತ್ತದೆ.

ರೂಪಾಂತರದ ಸ್ವರೂಪ

ರೂಪ ಬದಲಿಸುವ ಯಂತ್ರಗಳು ಜನಪ್ರಿಯ ಕಲ್ಪನೆಯಲ್ಲಿ ಹಲವು ಬಗೆಯಾಗಿ ಬಂದಿವೆ. 1991ರ 'ಟರ್ಮಿನೇಟರ್ 2' ಚಲನಚಿತ್ರದ ಟಿ-1000 ದ್ರವಲೋಹದಿಂದ ಮಾಡಲ್ಪಟ್ಟಿದ್ದು, ತಾನು ಸ್ಪರ್ಶಿಸಿದವರ ರೂಪವನ್ನು ತಳೆಯಬಲ್ಲದು. ಸಿಂಗ್ಯುಲಾರಿಟಿ ಆ ಬಗೆಯ ಛದ್ಮವೇಷಿಯಲ್ಲ. ಅದು ಇನ್ನೊಬ್ಬ ಆಟಗಾರನ ರೂಪ ತಾಳಿ ವಂಚಿಸುವುದಿಲ್ಲ. ಅದರ ರೂಪಾಂತರ ಎರಡು ನೆಲೆಗಳಲ್ಲಿ ನಡೆಯುತ್ತದೆ.

ಮೊದಲನೆಯದು ಶರೀರದ ನೆಲೆ. ಲೋಹದ ಚೌಕಟ್ಟು, ತಂತಿ, ಸ್ನಾಯು ಮತ್ತು ಚರ್ಮ ಒಂದರೊಳಗೊಂದು ಬೆರೆತ ಅದರ ಆಕೃತಿಯಲ್ಲಿ ಯಂತ್ರ ಎಲ್ಲಿ ಮುಗಿದು ಜೀವ ಎಲ್ಲಿ ಆರಂಭವಾಗುತ್ತದೆಂದು ಗುರುತಿಸಲಾಗದು. ದೇಹವಿಕಾರವನ್ನೇ ಭಯದ ಮೂಲವಾಗಿಸುವ ಈ ಪರಂಪರೆಯಲ್ಲಿ ಜಾನ್ ಕಾರ್ಪೆಂಟರ್ ನಿರ್ದೇಶನದ 'ದಿ ಥಿಂಗ್' (1982) ಪ್ರಸಿದ್ಧ ಉದಾಹರಣೆ. ಇಲ್ಲೊಂದು ಐತಿಹಾಸಿಕ ಸಾಮ್ಯವೂ ಇದೆ. 'ರೋಬಾಟ್' ಎಂಬ ಪದವನ್ನು ಜಗತ್ತಿಗೆ ಪರಿಚಯಿಸಿದ, ಚೆಕ್ ಲೇಖಕ ಕರೆಲ್ ಚಾಪೆಕ್ ಅವರ 'ಆರ್.ಯು.ಆರ್.' ನಾಟಕದ (1920) ರೋಬಾಟ್‌ಗಳು ಲೋಹದವಲ್ಲ. ಕೃತಕವಾಗಿ ತಯಾರಿಸಿದ ಜೈವಿಕ ದ್ರವ್ಯದಿಂದ ಆದವು. ಅವೂ ತಮ್ಮನ್ನು ಸೃಷ್ಟಿಸಿದ ಮನುಷ್ಯರ ವಿರುದ್ಧ ದಂಗೆಯೇಳುತ್ತವೆ.

ಎರಡನೆಯದು ಆಟದ ನೆಲೆ. ಸಿಂಗ್ಯುಲಾರಿಟಿಯನ್ನು ಆಡುವವರು ಒಮ್ಮೆ ನೆಲದ ಮೇಲೆ ನಡೆಯುವ ದೇಹವಾಗಿರುತ್ತಾರೆ, ಮರುಕ್ಷಣ ಗೋಡೆಗೆ ಅಂಟಿದ ಕಣ್ಣಾಗುತ್ತಾರೆ, ಇನ್ನೊಂದು ಕ್ಷಣದಲ್ಲಿ ಎಲ್ಲೋ ದೂರದಲ್ಲಿ ಹೊಸದಾಗಿ ಪ್ರತ್ಯಕ್ಷವಾಗುವ ಆಕೃತಿಯಾಗುತ್ತಾರೆ. ಆಟದ ಇತರ ಕೆಲವು ಹಂತಕರ ರೂಪಾಂತರ ಇದಕ್ಕಿಂತ ನೇರವಾದುದು. ಉದಾಹರಣೆಗೆ, 2024ರ ಆಗಸ್ಟ್‌ನಲ್ಲಿ ಸೇರ್ಪಡೆಯಾದ ಡ್ರಾಕುಲಾ ಪಾತ್ರವು ರಕ್ತಪಿಶಾಚಿ, ತೋಳ ಮತ್ತು ಬಾವಲಿ ಎಂಬ ಮೂರು ರೂಪಗಳ ನಡುವೆ ಬದಲಾಗುತ್ತದೆ.

ಶಕ್ತಿ

ಸಿಂಗ್ಯುಲಾರಿಟಿಯ ಶಕ್ತಿಯ ಹೆಸರು 'ಕ್ವಾಂಟಮ್ ಇನ್‌ಸ್ಟಾನ್ಶಿಯೇಷನ್'. ಇದು ಒಂದರ ನಂತರ ಒಂದಾಗಿ ನಡೆಯಬೇಕಾದ ನಾಲ್ಕು ಹಂತಗಳಿಂದ ಕೂಡಿದೆ.

ಬಯೋಪಾಡ್ ಅಂಟಿಸುವುದು: ಬಯೋಪಾಡ್ ಎಂದರೆ ಯಂತ್ರ ಮತ್ತು ಮಾಂಸ ಬೆರೆತ ಕ್ಯಾಮೆರಾ. ಹಂತಕನು ಇವುಗಳನ್ನು ದೂರದಿಂದಲೇ ಹಾರಿಸಿ ಗೋಡೆ ಮೊದಲಾದ ಮೇಲ್ಮೈಗಳಿಗೆ ಅಂಟಿಸಬಹುದು. ಬಯೋಪಾಡ್‌ಗಳ ಸಂಖ್ಯೆಗೆ ಮಿತಿಯಿರುವುದರಿಂದ ಎಲ್ಲಿ ಅಂಟಿಸಬೇಕೆಂಬುದು ಮುಖ್ಯವಾಗುತ್ತದೆ.

ನೋಡುವುದು: ಹಂತಕನು ತನ್ನ ದೇಹವನ್ನು ಇದ್ದಲ್ಲಿಯೇ ಬಿಟ್ಟು, ಬಯೋಪಾಡ್‌ನ ನೋಟವನ್ನು ತನ್ನದಾಗಿಸಿಕೊಳ್ಳಬಹುದು. ಒಂದರಿಂದ ಇನ್ನೊಂದು ಬಯೋಪಾಡ್‌ಗೆ ಜಿಗಿಯಲೂ ಅವಕಾಶವಿದೆ. ಆ ಅವಧಿಯಲ್ಲಿ ದೇಹ ನಿಶ್ಚಲವಾಗಿ ನಿಂತಿರುತ್ತದೆ.

ಸ್ಲಿಪ್‌ಸ್ಟ್ರೀಮ್ ಸೋಂಕು: ಬಯೋಪಾಡ್‌ನ ನೋಟದಲ್ಲಿ ಸರ್ವೈವರೊಬ್ಬನನ್ನು ಕೆಲಹೊತ್ತು ಗುರಿಯಲ್ಲಿ ಇರಿಸಿಕೊಂಡರೆ ಅವನಿಗೆ 'ಸ್ಲಿಪ್‌ಸ್ಟ್ರೀಮ್' ತಗಲುತ್ತದೆ. ಅಡ್ಡಗೋಡೆ, ಮರ ಅಥವಾ ಯಂತ್ರದ ಮರೆಗೆ ಸರಿದವನನ್ನು ಹೀಗೆ ಗುರಿಯಿಡಲು ಆಗದು.

ಜಿಗಿತ ಮತ್ತು ಓವರ್‌ಕ್ಲಾಕ್: ಸ್ಲಿಪ್‌ಸ್ಟ್ರೀಮ್ ತಗಲಿದ ಸರ್ವೈವರ್ ಮತ್ತೆ ಬಯೋಪಾಡ್‌ನ ನೋಟಕ್ಕೆ ಬಿದ್ದರೆ, ಹಂತಕನು ಅವನತ್ತ ಗುರಿಯಿಟ್ಟು ನೇರವಾಗಿ ಅವನ ಬಳಿಯೇ ಪ್ರತ್ಯಕ್ಷನಾಗಬಹುದು. ಹೀಗೆ ಬಂದ ಕೂಡಲೇ ಕೆಲವು ಸೆಕೆಂಡುಗಳ 'ಓವರ್‌ಕ್ಲಾಕ್' ಸ್ಥಿತಿ ಆರಂಭವಾಗುತ್ತದೆ. ಸಾಮಾನ್ಯವಾಗಿ ತಲೆಯ ಮೇಲೆ ಪ್ಯಾಲೆಟ್ ಬಿದ್ದರೆ ಹಂತಕನು ತತ್ತರಿಸಿ ನಿಲ್ಲುತ್ತಾನೆ. ಓವರ್‌ಕ್ಲಾಕ್ ಸ್ಥಿತಿಯಲ್ಲಿ ಮಾತ್ರ ಪ್ಯಾಲೆಟ್ಟೇ ಮುರಿದುಹೋಗುತ್ತದೆ. ಹಂತಕನಿಗೆ ಏನೂ ಆಗುವುದಿಲ್ಲ.

ಈ ಶಕ್ತಿಯ ಬೆಲೆಯನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಸೆಕೆಂಡಿಗೆ 4.6 ಮೀಟರ್ ವೇಗದಲ್ಲಿ 46 ಮೀಟರ್ ನಡೆಯಲು 10 ಸೆಕೆಂಡು ಬೇಕು. ಜಿಗಿತವು ಆ ನಡಿಗೆಯನ್ನೇ ಅಳಿಸಿಹಾಕುತ್ತದೆ. ಅದರ ಜೊತೆಗೆ, ಸರ್ವೈವರ್‌ಗಳ ಮುಖ್ಯ ರಕ್ಷಣೆಯಾದ ಪ್ಯಾಲೆಟ್ ಆ ಗಳಿಗೆಯಲ್ಲಿ ನಿಷ್ಪ್ರಯೋಜಕವಾಗುತ್ತದೆ.

ಪ್ರತಿತಂತ್ರ

ಇಷ್ಟು ಬಲವಾದ ಶಕ್ತಿಗೆ ಎದುರಾಗಿ ಸರ್ವೈವರ್‌ಗಳಿಗೆ 'ಇಎಂಪಿ' ಎಂಬ ಸಾಧನವನ್ನು ನೀಡಲಾಗಿದೆ. ಈ ಅಕ್ಷರಗಳು ವಿದ್ಯುತ್‌ಕಾಂತೀಯ ಸ್ಪಂದನವನ್ನು ಸೂಚಿಸುತ್ತವೆ. ವಾಸ್ತವದಲ್ಲಿಯೂ ಪ್ರಬಲವಾದ ವಿದ್ಯುತ್‌ಕಾಂತೀಯ ಸ್ಪಂದನವು ಎಲೆಕ್ಟ್ರಾನಿಕ್ ಉಪಕರಣಗಳನ್ನು ಕೆಡಿಸಬಲ್ಲದು. ಮೈದಾನದ ಹಲವೆಡೆ ಇರುವ ಪೆಟ್ಟಿಗೆಗಳಲ್ಲಿ ಇಎಂಪಿಗಳು ಕಾಲಕ್ರಮದಲ್ಲಿ ತಾವಾಗಿಯೇ ಸಿದ್ಧವಾಗುತ್ತವೆ. ಇಎಂಪಿಯನ್ನು ಪ್ರಯೋಗಿಸಿದಾಗ ಸರ್ವೈವರ್‌ಗೆ ತಗಲಿದ ಸ್ಲಿಪ್‌ಸ್ಟ್ರೀಮ್ ನಿವಾರಣೆಯಾಗುತ್ತದೆ ಮತ್ತು ಹತ್ತಿರದ ಬಯೋಪಾಡ್‌ಗಳು ಸ್ವಲ್ಪ ಕಾಲ ನಿಷ್ಕ್ರಿಯವಾಗುತ್ತವೆ.

ಆದರೆ ಇಎಂಪಿಯೂ ಪುಕ್ಕಟೆಯಲ್ಲ. ಅದನ್ನು ತರಲು ಪೆಟ್ಟಿಗೆಯವರೆಗೆ ಹೋಗಿಬರುವ ಪ್ರತಿ ಸೆಕೆಂಡೂ ಜನರೇಟರ್ ದುರಸ್ತಿಯಿಂದ ಕಳೆದ ಸೆಕೆಂಡೇ. ಸರ್ವೈವರ್‌ಗಳು ಎಚ್ಚರ ತಪ್ಪಿದರೆ ಜಿಗಿತಕ್ಕೆ ಬಲಿಯಾಗುತ್ತಾರೆ. ಅತಿಯಾದ ಎಚ್ಚರ ವಹಿಸಿದರೆ ದುರಸ್ತಿ ಹಿಂದೆ ಬೀಳುತ್ತದೆ. ಹೀಗೆ ಶಕ್ತಿಯು ಬಳಕೆಯಾಗದಿದ್ದಾಗಲೂ ತನ್ನ ಬೆದರಿಕೆಯಿಂದಲೇ ಎದುರಾಳಿಗಳ ಸಮಯವನ್ನು ನುಂಗುತ್ತದೆ.

ಪರ್ಕ್‌ಗಳು

ಆಟದಲ್ಲಿ ಪ್ರತಿ ಪಾತ್ರಕ್ಕೂ ಮೂರು ವಿಶಿಷ್ಟ ಪರ್ಕ್‌ಗಳು, ಅಂದರೆ ಹೆಚ್ಚುವರಿ ಸಾಮರ್ಥ್ಯಗಳು ಇರುತ್ತವೆ. ಪಾತ್ರದ ಮಟ್ಟವನ್ನು ಹೆಚ್ಚಿಸಿಕೊಂಡ ಮೇಲೆ ಅವುಗಳನ್ನು ಅದೇ ಪಕ್ಷದ ಇತರ ಪಾತ್ರಗಳಿಗೂ ಬಳಸಬಹುದು. ಸಿಂಗ್ಯುಲಾರಿಟಿಯ ಪರ್ಕ್‌ಗಳು ಇವು:

ಜೆನೆಟಿಕ್ ಲಿಮಿಟ್ಸ್: ಸರ್ವೈವರೊಬ್ಬ ಗಾಯದಿಂದ ಚೇತರಿಸಿಕೊಂಡ ಕೂಡಲೇ ಅವನಿಗೆ ಆಯಾಸದ ಸ್ಥಿತಿ ಉಂಟಾಗುತ್ತದೆ, ಇದರಿಂದ ವೇಗವಾಗಿ ಓಡುವಂತಹ ಕೆಲವು ಸಾಮರ್ಥ್ಯಗಳು ತಾತ್ಕಾಲಿಕವಾಗಿ ಕೈತಪ್ಪುತ್ತವೆ.

ಫೋರ್ಸ್ಡ್ ಹೆಸಿಟೇಷನ್: ಒಬ್ಬ ಸರ್ವೈವರ್ ನೆಲಕ್ಕುರುಳಿದಾಗ ಅವನ ಸಮೀಪದಲ್ಲಿರುವ ಇತರರ ಚಲನೆ ಕೆಲವು ಸೆಕೆಂಡು ನಿಧಾನಗೊಳ್ಳುತ್ತದೆ.

ಮಷೀನ್ ಲರ್ನಿಂಗ್: ಹಂತಕನು ಹಾನಿಗೊಳಿಸಿ ಗುರುತಿಸಿದ ಜನರೇಟರ್ ದುರಸ್ತಿಯಾದಾಗ, ಅವನಿಗೆ ಸ್ವಲ್ಪ ಹೊತ್ತು ಹೆಚ್ಚಿನ ವೇಗವೂ ತನ್ನ ಬರವಿನ ಸುಳಿವು ಕೊಡದೆ ಸಂಚರಿಸುವ ಅನುಕೂಲವೂ ದೊರೆಯುತ್ತವೆ.

ಇದೇ ಅಧ್ಯಾಯದಲ್ಲಿ ಬಂದ ಗೇಬ್ರಿಯಲ್ ಸೋಮನ ಪರ್ಕ್‌ಗಳು ಟ್ರಬಲ್‌ಶೂಟರ್, ಮೇಡ್ ಫಾರ್ ದಿಸ್ ಮತ್ತು ಸ್ಕ್ಯಾವೆಂಜರ್.

ಆಡುವ ಕ್ರಮ

ಸಿಂಗ್ಯುಲಾರಿಟಿಯನ್ನು ಆಡುವವರು ಆರಂಭದಲ್ಲಿಯೇ ನಕ್ಷೆಯನ್ನು ಓದಬೇಕಾಗುತ್ತದೆ. ಜನರೇಟರ್‌ಗಳು ಎಲ್ಲಿವೆ, ಯಾವ ದಾರಿಗಳಲ್ಲಿ ಸರ್ವೈವರ್‌ಗಳು ಓಡಾಡುತ್ತಾರೆ, ಯಾವ ಗೋಡೆಯ ಎತ್ತರದಿಂದ ಹೆಚ್ಚು ಬಯಲು ಕಾಣುತ್ತದೆ ಎಂಬುದನ್ನು ಅಂದಾಜಿಸಿ ಬಯೋಪಾಡ್‌ಗಳನ್ನು ಅಂಟಿಸಬೇಕು. ಒಂದು ಬಯೋಪಾಡ್‌ನಿಂದ ಎರಡು ಜನರೇಟರ್‌ಗಳು ಕಾಣುವಂತಿದ್ದರೆ ಅದು ಉತ್ತಮ ಸ್ಥಾನ. ಒಂದೇ ಮೂಲೆಯಲ್ಲಿ ಹಲವನ್ನು ಅಂಟಿಸಿದರೆ ಒಂದೇ ಇಎಂಪಿಗೆ ಎಲ್ಲವೂ ನಿಷ್ಕ್ರಿಯವಾಗುವ ಅಪಾಯವಿರುತ್ತದೆ.

ಆಡುವವರು ಎದುರಿಸುವ ಪ್ರಮುಖ ಇಕ್ಕಟ್ಟು ನೋಡುವುದಕ್ಕೂ ನಡೆಯುವುದಕ್ಕೂ ಸಂಬಂಧಿಸಿದ್ದು. ಬಯೋಪಾಡ್‌ನ ಮೂಲಕ ನೋಡುತ್ತಿರುವಾಗ ದೇಹ ನಿಂತಲ್ಲೇ ನಿಂತಿರುತ್ತದೆ. ಎಲ್ಲವನ್ನೂ ನೋಡುವ ಹಂಬಲದಿಂದ ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಜಿಗಿಯುತ್ತ ಕುಳಿತವರು ಮಾಹಿತಿ ಗಳಿಸುತ್ತಾರೆ, ಆದರೆ ಆಟ ಕಳೆದುಕೊಳ್ಳುತ್ತಾರೆ. ನುರಿತವರು ಬೆನ್ನಟ್ಟುವಾಗಲೇ ದಾರಿಯ ಗೋಡೆಗೆ ಬಯೋಪಾಡ್ ಹಾರಿಸಿ, ತಕ್ಷಣ ಅದರೊಳಗೆ ಹೊಕ್ಕು, ಪ್ಯಾಲೆಟ್‌ನ ಆಚೆ ಬದಿಯಲ್ಲಿ ನಿಂತ ಸರ್ವೈವರ್‌ಗೆ ಸ್ಲಿಪ್‌ಸ್ಟ್ರೀಮ್ ತಗಲಿಸಿ, ಅವನ ಪಕ್ಕದಲ್ಲೇ ಪ್ರತ್ಯಕ್ಷರಾಗುತ್ತಾರೆ. ಇದಕ್ಕೆ ವೇಗವಾದ ಕೈ ಮತ್ತು ನಿಖರವಾದ ಗುರಿ ಎರಡೂ ಬೇಕು. ಪಾತ್ರವು ಕಠಿಣವೆನಿಸಲು ಇದೇ ಮುಖ್ಯ ಕಾರಣ.

ಸರ್ವೈವರ್‌ಗಳ ಪಕ್ಷದಲ್ಲಿ ಉಪಯುಕ್ತವಾದ ಅಭ್ಯಾಸಗಳು ಇದಕ್ಕೆ ವಿರುದ್ಧ ದಿಕ್ಕಿನವು: ಬಯೋಪಾಡ್‌ನ ದೃಷ್ಟಿರೇಖೆಗೆ ಜನರೇಟರನ್ನೇ ಮರೆಯಾಗಿ ಇಟ್ಟುಕೊಂಡು ದುರಸ್ತಿ ಮಾಡುವುದು, ಒಂದೇ ಕಡೆ ಗುಂಪುಗೂಡದಿರುವುದು, ಬೆನ್ನಟ್ಟಿಸಿಕೊಳ್ಳುವ ಮೊದಲೇ ಒಂದು ಇಎಂಪಿಯನ್ನು ಕೈಯಲ್ಲಿ ಇರಿಸಿಕೊಳ್ಳುವುದು, ಓವರ್‌ಕ್ಲಾಕ್ ಮುಗಿಯುವವರೆಗೆ ಪ್ಯಾಲೆಟ್ಟನ್ನು ವ್ಯರ್ಥ ಮಾಡದಿರುವುದು.

ಸಮತೋಲನದ ಪ್ರಶ್ನೆ

ಅಸಮ ಆಟಗಳಲ್ಲಿ ನ್ಯಾಯಸಮ್ಮತವಾದ ಸಮತೋಲನವನ್ನು ಸಾಧಿಸುವುದು ಸುಲಭವಲ್ಲ. ಸಮಬಲದ ಆಟದಲ್ಲಿ ಎರಡೂ ಪಕ್ಷಗಳಿಗೆ ಒಂದೇ ಸಾಧನಗಳಿರುವುದರಿಂದ ಸೋಲಿಗೆ ಕೌಶಲದ ಕೊರತೆಯೇ ಕಾರಣವೆನ್ನಬಹುದು. ಇಲ್ಲಿ ಸೋತವರು ಎದುರಾಳಿಯ ಪಾತ್ರವೇ ಹೆಚ್ಚು ಬಲಶಾಲಿಯೆಂದು ಭಾವಿಸಲು ಸದಾ ಅವಕಾಶವಿದೆ. ಸಿಂಗ್ಯುಲಾರಿಟಿಯ ವಿಷಯದಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ. ಇಎಂಪಿಗಳು ಬೇಗ ಸಿದ್ಧವಾಗುವಂತೆ ಮಾಡಿದರೆ, ಪರಸ್ಪರ ಮಾತನಾಡಿಕೊಂಡು ಆಡುವ ಸಂಘಟಿತ ತಂಡದ ಮುಂದೆ ಹಂತಕನು ಶಕ್ತಿಹೀನನಾಗುತ್ತಾನೆ. ತಡವಾಗಿ ಸಿದ್ಧವಾಗುವಂತೆ ಮಾಡಿದರೆ, ಪರಿಚಯವಿಲ್ಲದ ನಾಲ್ವರು ಸೇರಿದ ತಂಡಕ್ಕೆ ಉಳಿಗಾಲವಿರುವುದಿಲ್ಲ. ಒಂದೇ ಸಂಖ್ಯೆಯು ಇಬ್ಬಗೆಯ ತಂಡಗಳಿಗೂ ಒಪ್ಪಬೇಕಾಗಿರುವುದರಿಂದ, ಬಿಡುಗಡೆಯಾದ ಮೇಲೆಯೂ ಈ ಪಾತ್ರದ ನಿಯಮಗಳನ್ನು ಪರಿಷ್ಕರಿಸಲಾಗಿದೆ.

ಆಟಗಾರನ ದೃಷ್ಟಿಯಿಂದಲೂ ಈ ಪಾತ್ರ ವಿಶಿಷ್ಟವಾದುದು. ಭಯಾನಕ ಆಟಗಳಲ್ಲಿ ಸಾಮಾನ್ಯವಾಗಿ ಆಟಗಾರನು ಭಯಪಡುವವನ ಸ್ಥಾನದಲ್ಲಿರುತ್ತಾನೆ. ಇಲ್ಲಿ ಭಯವನ್ನು ಉಂಟುಮಾಡುವವನೂ ಮನುಷ್ಯನೇ. ಆದರೆ ಹಂತಕನ ಪಾತ್ರ ವಹಿಸಿದವರಿಗೆ ಜನರೇಟರ್‌ಗಳು ಒಂದೊಂದಾಗಿ ಪೂರ್ಣಗೊಳ್ಳುತ್ತಿರುವ ಆತಂಕ ಇದ್ದೇ ಇರುತ್ತದೆ. ಸರ್ವೈವರ್‌ಗಳು ಅನುಭವಿಸುವುದು ಸಿಕ್ಕಿಬೀಳುವ ಭಯವನ್ನು. ಹಂತಕನು ಅನುಭವಿಸುವುದು ಸಮಯ ಸಾಲದ ಒತ್ತಡವನ್ನು.

ನಕ್ಷೆ

'ಎಂಡ್ ಟ್ರಾನ್ಸ್‌ಮಿಷನ್' ಅಧ್ಯಾಯದೊಂದಿಗೆ 'ಟೋಬಾ ಲ್ಯಾಂಡಿಂಗ್' ಎಂಬ ಹೊಸ ನಕ್ಷೆ ಸೇರ್ಪಡೆಯಾಯಿತು. ಇದು 'ದ್ವಾರ್ಕಾ ಡೀಪ್‌ವುಡ್' ಎಂಬ ವಲಯಕ್ಕೆ ಸೇರಿದ್ದು, ಅನ್ಯಗ್ರಹದ ದಟ್ಟ ಸಸ್ಯರಾಶಿಯ ನಡುವೆ ಮನುಷ್ಯರ ಪಾಳುಬಿದ್ದ ನೆಲೆಯನ್ನು ಚಿತ್ರಿಸುತ್ತದೆ. ಹಳೆಯ ತೋಟದ ಮನೆ, ಆಸ್ಪತ್ರೆ, ಗುಜರಿ ಅಂಗಳಗಳಂತಹ ಹಿನ್ನೆಲೆಗಳಿದ್ದ ಆಟಕ್ಕೆ ಈ ಅಧ್ಯಾಯ ಅಂತರಿಕ್ಷದ ವೈಜ್ಞಾನಿಕ ಕಲ್ಪನೆಯ ಆಯಾಮವನ್ನು ನೀಡಿತು. 2023ರ ಆಗಸ್ಟ್‌ನಲ್ಲಿ 'ಏಲಿಯನ್' ಚಲನಚಿತ್ರವನ್ನು ಆಧರಿಸಿದ ಅಧ್ಯಾಯ ಬಂದಾಗ, ಅದರ ನಕ್ಷೆಯಾದ ನಾಸ್ಟ್ರೊಮೊ ನೌಕೆಯ ಅವಶೇಷವನ್ನೂ ಇದೇ ವಲಯಕ್ಕೆ ಸೇರಿಸಲಾಯಿತು.

ಇತರ ಆಟಗಳೊಂದಿಗೆ ಸಂಬಂಧ

ಬಲಶಾಲಿಯಾದ ಒಬ್ಬನನ್ನು ಹಲವರು ಎದುರಿಸುವ ಮಾದರಿ 'ಇವಾಲ್ವ್' (2015), 'ಫ್ರೈಡೇ ದ ಥರ್ಟೀನ್ತ್: ದ ಗೇಮ್' (2017) ಮುಂತಾದ ಆಟಗಳಲ್ಲಿಯೂ ಇದೆ. 'ದ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' (2023) ಆಟದಲ್ಲಿ ಒಬ್ಬರ ಬದಲು ಮೂವರು ಹಂತಕರಿದ್ದಾರೆ. ಬೇರೊಬ್ಬರ ರೂಪ ತಾಳಿ ವಂಚಿಸುವ ಆಟವನ್ನು ಬಯಸುವವರಿಗೆ 2018ರಲ್ಲಿ ಬಿಡುಗಡೆಯಾದ 'ಅಮಾಂಗ್ ಅಸ್' ಪರಿಚಿತ ಉದಾಹರಣೆ. ಅದರಲ್ಲಿ ಅನಂತರ ಸೇರಿಸಲಾದ 'ಶೇಪ್‌ಶಿಫ್ಟರ್' ಪಾತ್ರವು ತಾತ್ಕಾಲಿಕವಾಗಿ ಇನ್ನೊಬ್ಬ ಸಿಬ್ಬಂದಿಯ ರೂಪ ಪಡೆಯುತ್ತದೆ. ಅಲ್ಲಿ ರೂಪಾಂತರದ ಉದ್ದೇಶ ಗುರುತನ್ನು ಮರೆಮಾಡುವುದು; ಸಿಂಗ್ಯುಲಾರಿಟಿಯಲ್ಲಿ ಅದರ ಉದ್ದೇಶ ದೂರವನ್ನು ಇಲ್ಲವಾಗಿಸುವುದು.

ವಯೋಮಿತಿ

ರಕ್ತಪಾತ ಮತ್ತು ಹಿಂಸೆಯ ದೃಶ್ಯಗಳ ಕಾರಣದಿಂದ 'ಡೆಡ್ ಬೈ ಡೇಲೈಟ್' ಆಟಕ್ಕೆ ಉತ್ತರ ಅಮೆರಿಕದ ಇಎಸ್‌ಆರ್‌ಬಿ 'ಎಂ' ಶ್ರೇಣಿಯನ್ನೂ (17 ವರ್ಷ ಮೇಲ್ಪಟ್ಟವರಿಗೆ), ಯುರೋಪಿನ ಪೆಗಿ ವ್ಯವಸ್ಥೆ 18 ವರ್ಷದ ಶ್ರೇಣಿಯನ್ನೂ ನೀಡಿವೆ.